ಖಾರದ ಪೊಟ್ಟಣದಲ್ಲಿ ಬಂದ ಇಂಜಿನ್

ಧಾರವಾಡದಲ್ಲಿ ಇಂಗ್ಲಿಷ್ ಬಿ.ಎ. ಮುಗಿಸಿ ಸವಣೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿಗೆ ಸೇರಿದಾಗ ನನಗೆ ಇಪ್ಪತ್ತಮೂರು ವರ್ಷ. ನಾನು ಕಲಿತದ್ದು ಹೂವು, ಕೋಗಿಲೆ, ಸಮಾಧಿಗಳ ಇಂಗ್ಲಿಷು. ಅದನ್ನು ಒಂದು ದಿನ ಮೋಟಾರು ಇಂಜಿನ್ನಿಗೆ ಬಳಸಬೇಕಾಗುತ್ತದೆ, ಬಳಸುವಾಗ ಧಾರಾಳವಾಗಿ ಸುಳ್ಳು ಹೇಳಬೇಕಾಗುತ್ತದೆ ಎಂದು ಯಾವ ಪ್ರೊಫೆಸರರೂ ಹೇಳಿಕೊಟ್ಟಿರಲಿಲ್ಲ.

ಎಪ್ಪತ್ತರ ದಶಕದ ನಡುಭಾಗವದು. ನಾನು ಬಾಡಿಗೆಗೆ ಇದ್ದದ್ದು ಒಬ್ಬ ಮೋಟಾರು ಮಿಸ್ತ್ರಿಯ ಮನೆಯ ಮುಂದಿನ ಕೋಣೆಯಲ್ಲಿ. ಮಿಸ್ತ್ರಿಗೆ ಐವತ್ತು ದಾಟಿತ್ತು. ಹರೆಯದಲ್ಲಿ ಮಿಲಿಟರಿ ಸೇರಿ, ದೊಡ್ಡ ಯುದ್ಧದ ಕಾಲದಲ್ಲಿ ಬರ್ಮಾದ ಕಡೆ ಲಾರಿ ರಿಪೇರಿ ಮಾಡಿ ಬಂದವರು. ಇಂಗ್ಲಿಷಿನಲ್ಲಿ ನೂರಾರು ಬಿಡಿಭಾಗಗಳ ಹೆಸರು ಬಾಯಲ್ಲಿ ಬರುತ್ತಿದ್ದವು, ಓದಲು ಮಾತ್ರ ಒಂದಕ್ಷರ ಬಾರದು. ಅವರ ಹೆಂಡತಿಯನ್ನು ನಾನು ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆ. ಮಕ್ಕಳಿರಲಿಲ್ಲ. ಗಂಡನ ಗ್ರೀಸ್ ಕೈಗಳಿಂದ ಮನೆಯ ಬಾಗಿಲು, ಲೋಟ, ದೇವರ ಪಟ ಎಲ್ಲವನ್ನೂ ಕಾಪಾಡುವುದೇ ವೈನಿಯ ಜೀವಮಾನದ ಕೆಲಸವಾಗಿತ್ತು. ಇಬ್ಬರೂ ನನ್ನನ್ನು ಅಕ್ಕೋರು ಎಂದು ಕರೆಯುತ್ತಿದ್ದರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳಿಗೆ ವಯಸ್ಸು ಎಷ್ಟೇ ಇರಲಿ, ಅವಳು ಅಕ್ಕೋರು.

ಮಿಸ್ತ್ರಿಯ ಹತ್ತಿರ ಸ್ವಾತಂತ್ರ್ಯಕ್ಕಿಂತ ಮೊದಲಿನ ಒಂದು ಅಮೆರಿಕನ್ ಕಾರು ಇತ್ತು. ಕಪ್ಪು ಬಣ್ಣ, ಎಮ್ಮೆಯ ಮೈಕಟ್ಟು. ಹುಬ್ಬಳ್ಳಿಯ ಒಬ್ಬ ಹತ್ತಿ ವ್ಯಾಪಾರಿ ಇನ್ನು ಇದು ನಡೆಯುವುದಿಲ್ಲ ಎಂದು ಕೈಬಿಟ್ಟದ್ದನ್ನು ಇವರು ತಂದು ನಡೆಸಿದ್ದರು. ಅದರ ಇಂಜಿನ್ನಿಗೆ ಎಂಟು ಸಿಲಿಂಡರು. ನಾಲ್ಕು ಈ ಕಡೆ, ನಾಲ್ಕು ಆ ಕಡೆ, ಬೊಗಸೆ ತೆರೆದು ಹಿಡಿದ ಎರಡು ಅಂಗೈಗಳ ಹಾಗೆ. ಹಾನಗಲ್ಲು, ಶಿಗ್ಗಾಂವಿ, ಹಿರೇಕೆರೂರು ತಾಲೂಕುಗಳ ಮದುವೆಗಳಿಗೆಲ್ಲ ಮದುಮಗ ಆ ಕಾರಿನಲ್ಲೇ ಬರಬೇಕು ಎಂದು ಬೀಗರು ಹಟ ಹಿಡಿಯುತ್ತಿದ್ದರು.

ಆದರೆ ಇಂಜಿನ್ನಿಗೆ ವಯಸ್ಸಾಗಿತ್ತು. ಒಂದು ವೈಶಾಖದಲ್ಲಿ ಬಂಕಾಪುರದ ಹತ್ತಿರದ ಏರಿನಲ್ಲಿ ಕಾರು ಕೆಮ್ಮಿ, ನಡುಗಿ, ನಿಂತುಬಿಟ್ಟಿತು. ಒಳಗೆ ಮದುಮಗ. ಮುಹೂರ್ತಕ್ಕೆ ಅರ್ಧ ಗಂಟೆ ಉಳಿದಿತ್ತು. ಕೊನೆಗೆ ಮದುಮಗನೇ ಬಾಸಿಂಗ ಕಟ್ಟಿಕೊಂಡೇ ಕೆಳಗಿಳಿದು, ಅವನ ಸೋದರಮಾವಂದಿರ ಜೊತೆ ನಿಂತು ಕಾರು ನೂಕಿದ. ಆಗಲೇ ಹಿಂದಿನಿಂದ ಇನಾಮದಾರರ ಹೊಸ ಜೀಪು ಬಂತು.

ಈ ಇನಾಮದಾರರು ಹಿರೇಕೆರೂರು ಕಡೆಯ ದೊಡ್ಡ ಜಮೀನಿನವರು. ಬಿಳೀ ಧೋತರ, ಬಿಳೀ ಅಂಗಿ, ಬಿಳೀ ಮೀಸೆ. ಜೀಪನ್ನು ತಾವೇ ನಡೆಸುತ್ತಿದ್ದರು ಮತ್ತು ಹಿಂದಿನ ಯಾವ ಗಾಡಿಗೂ ದಾರಿ ಬಿಡುತ್ತಿರಲಿಲ್ಲ. ಅಂದು ಜೀಪು ನಿಲ್ಲಿಸಿ, ಬೆವರು ಸುರಿಸುತ್ತಿದ್ದ ಮದುಮಗನನ್ನು ನೋಡಿ, ಮಿಸ್ತ್ರಿಗೆ ಹೇಳಿದರಂತೆ:

“ಎತ್ತು ಬೇಕಾದ್ರ ಹೇಳಪಾ ಮಿಸ್ತ್ರಿ, ಒಂದ್ ಜೋಡಿ ಕಳಸ್ತೇನಿ.”

ಮದುವೆಯ ಮಂದಿ ನಕ್ಕರು. ಮದುಮಗನೂ ನಕ್ಕ. ಮಿಸ್ತ್ರಿ ಆ ರಾತ್ರಿ ಊಟ ಮಾಡಲಿಲ್ಲ ಎಂದು ವೈನಿ ಹೇಳಿದರು. ಮರುದಿನ ಬೆಳಿಗ್ಗೆ ನಾನು ಶಾಲೆಗೆ ಹೊರಟಾಗ ಇಂಜಿನ್ನು ಕಾರಿನಿಂದ ಹೊರಬಂದು, ಅಂಗಳದ ಹುಣಸೆಮರದ ಕೊಂಬೆಗೆ ಕಟ್ಟಿದ ಸರಪಳಿಯಲ್ಲಿ ತೂಗುತ್ತಿತ್ತು.

ಬಿಚ್ಚಿದ್ದೇನೋ ಆಯಿತು. ಆದರೆ ಹಳೆಯದನ್ನು ಹಳೆಯ ಹಾಗೆಯೇ ಕೂಡಿಸಿದರೆ ಮತ್ತೆ ಅದೇ ಏರು, ಅದೇ ನೂಕು. ಮಿಸ್ತ್ರಿ ಎಂಟು ಪಿಸ್ಟನ್ನುಗಳನ್ನು ಒಂದು ಗೋಣಿಚೀಲದ ಮೇಲೆ ಸಾಲಾಗಿಟ್ಟು ಹದಿನೈದು ದಿನ ಅವುಗಳ ಮುಖ ನೋಡುತ್ತ ಕುಳಿತರು. ಅಷ್ಟರಲ್ಲಿ ಒಂದು ಸಂಜೆ ನಾನು ಪೇಟೆಯಿಂದ ಎಣ್ಣೆಯಲ್ಲಿ ಕರಿದ ಕುರುಕಲು ಖಾರದ ಪೊಟ್ಟಣ ತಂದೆ. ಸವಣೂರಿಗೆ ಬಂದು ಖಾರ ತಿನ್ನದವರು ಯಾರು? ಪೊಟ್ಟಣ ಬಿಚ್ಚಿ ವೈನಿಗೆ ಕೊಡುತ್ತಿದ್ದೆ, ಮಿಸ್ತ್ರಿ ಹಾರಿ ಬಂದು ನನ್ನ ಕೈಯಿಂದ ಕಸಿದುಕೊಂಡರು. ಖಾರವನ್ನಲ್ಲ, ಕಾಗದವನ್ನು. ಖಾರವೆಲ್ಲ ನೆಲದ ಮೇಲೆ ಚೆಲ್ಲಿತು.

ನುಣುಪಾದ ದಪ್ಪ ಕಾಗದ. ಅದರ ಮೇಲೆ ಬಣ್ಣದ ಫೋಟೋದಲ್ಲಿ ಎಂಟು ಸಿಲಿಂಡರಿನ ಇಂಜಿನ್ನು, ಮದುಮಗಳ ಹಾಗೆ ಹೊಳೆಯುತ್ತಿತ್ತು.

“ಅಕ್ಕೋರ, ಇದು ನಮ್ಮ ಇಂಜಿನ್ ಐತ್ರೀ! ಇದೇ ಜಾತಿ, ಇದೇ ಬ್ಲಾಕು! ಏನ ಬರದಾರ ಓದ್ರಿ, ಜಲ್ದಿ ಓದ್ರಿ!”

ಅದು ಅಮೆರಿಕದ ಒಂದು ಮೋಟಾರು ಪತ್ರಿಕೆಯ ಹಾಳೆ. ಅಲ್ಲಿನ ಹುಡುಗರು ಹಳೆಯ ಕಾರುಗಳ ಇಂಜಿನ್ನು ಬಿಚ್ಚಿ, ಕೊರೆದು, ಅರೆದು, ಎರಡು ಮೂರು ಪಟ್ಟು ಶಕ್ತಿ ಬರಿಸಿ ಓಟದ ಪಂದ್ಯಕ್ಕೆ ಬಿಡುತ್ತಾರಂತೆ. ಹೇಗೆ ಮಾಡಬೇಕೆಂಬ ಲೇಖನ ಹಲವು ಪುಟಗಳದ್ದಿತ್ತು. ನನ್ನ ಖಾರಕ್ಕೆ ಬಂದದ್ದು ಎರಡನೆಯ ಪುಟ.

ಮಿಸ್ತ್ರಿ ಚಪ್ಪಲಿ ಕೂಡ ಮೆಟ್ಟದೆ ಖಾರದ ಅಂಗಡಿಗೆ ಓಡಿದರು. ಅಂಗಡಿಯವನು ಹುಬ್ಬಳ್ಳಿಯಿಂದ ತರಿಸಿದ ರದ್ದಿ ಕಟ್ಟಿನಲ್ಲಿ ಆ ಪತ್ರಿಕೆ ಬಂದಿತ್ತು. ಉಳಿದ ಪುಟಗಳಲ್ಲಿ ಎರಡು ಇನ್ನೂ ಹಣದ ಗಲ್ಲೆಯ ಹತ್ತಿರ ಇದ್ದವು. ಮಿಕ್ಕವು ಅದೇ ಸಂಜೆ ಗಿರಾಕಿಗಳ ಜೊತೆ ಮನೆಗೆ ಹೋಗಿದ್ದವು. ಮಿಸ್ತ್ರಿ ಒಬ್ಬೊಬ್ಬರ ಮನೆಯ ಬಾಗಿಲು ಬಡಿದು, “ಖಾರ ನೀವು ತಿನ್ರಿ, ಕಾಗದ ನನಗ ಕೊಡ್ರಿ” ಎಂದು ಬೇಡಿದರು. ಎಲೆಬಳ್ಳಿ ತೋಟದವರ ಮನೆಯಲ್ಲಿ ಒಂದು ಪುಟ ಸಿಕ್ಕಿತು. ಅಂಚೆಯವನ ಮನೆಯಲ್ಲಿ ಅರ್ಧ ಸಿಕ್ಕಿತು, ಕೆಳಗಿನ ಅರ್ಧ ಹರಿದುಹೋಗಿತ್ತು. ಒಟ್ಟು ಮೂರೂವರೆ ಪುಟ ಮತ್ತು ನನ್ನದು ಒಂದು. ಎಣ್ಣೆ ಕುಡಿದು ಪಾರದರ್ಶಕವಾಗಿದ್ದ ಆ ಪುಟಗಳನ್ನು ಬೆಳಕಿಗೆ ಹಿಡಿದರೆ ಒಂದೇ ಸಲಕ್ಕೆ ಎರಡೂ ಬದಿ ಓದಬಹುದಾಗಿತ್ತು.

ಮರುದಿನದಿಂದ ನಮ್ಮ ಪಾಠ ಶುರುವಾಯಿತು. ಶಾಲೆ ಬಿಟ್ಟ ಮೇಲೆ ನಾನು ಕಟ್ಟೆಯ ಮೇಲೆ, ಮಿಸ್ತ್ರಿ ಬೋರಲು ಹಾಕಿದ ಬಕೆಟ್ಟಿನ ಮೇಲೆ, ವೈನಿ ಅಡುಗೆಮನೆಯ ಹೊಸ್ತಿಲಲ್ಲಿ.

“ತಲೆ ಬೋಳಿಸಬೇಕು ಅಂತ ಬರದಾರ,” ಎಂದು ಮೊದಲ ಸಾಲು ಓದಿದೆ.

“ಯಾರು ಸತ್ತಾರ?” ಎಂದರು ವೈನಿ ಗಾಬರಿಯಿಂದ.

ಮಿಸ್ತ್ರಿಗೆ ತಕ್ಷಣ ಅರ್ಥವಾಯಿತು. ಸಿಲಿಂಡರುಗಳ ಮೇಲಿನ ಮುಚ್ಚಳಕ್ಕೆ ಹೆಡ್ ಎನ್ನುತ್ತಾರೆ. ಅದರ ಅಡಿಯನ್ನು ಕೂದಲೆಳೆಯಷ್ಟು ಕೆತ್ತಿ ತೆಳುಮಾಡಿದರೆ ಒಳಗೆ ಜಾಗ ಕಡಿಮೆಯಾಗಿ, ಪೆಟ್ರೋಲಿನ ಉಗಿ ಹೆಚ್ಚು ಒತ್ತಿಕೊಂಡು, ಹೊಡೆತ ಜೋರಾಗುತ್ತದೆ. ನನಗೆ ಶಬ್ದ ಗೊತ್ತಿತ್ತು, ಅವರಿಗೆ ವಸ್ತು ಗೊತ್ತಿತ್ತು. ಇಬ್ಬರೂ ಸೇರಿದರೆ ಒಬ್ಬ ಪೂರ್ತಿ ಅಮೆರಿಕದವನಾಗುತ್ತಿದ್ದ.

ಮುಂದಿನ ಸಾಲಿನಲ್ಲಿ ನಾನೇ ಎಡವಿದೆ. “ಬ್ಲಾಕನ್ನ ರಿಲೀವ್ ಮಾಡಬೇಕು.”

ಹೈಸ್ಕೂಲಿನಲ್ಲಿ ಈ ಶಬ್ದವನ್ನು ದಿನವೂ ಕೇಳುತ್ತಿದ್ದೆ. ಒಬ್ಬರಿಗೆ ಬೇರೆ ಊರಿಗೆ ವರ್ಗವಾದರೆ ಹೆಡ್ಮಾಸ್ತರರು ಅವರನ್ನು ರಿಲೀವ್ ಮಾಡುತ್ತಾರೆ. ಅದನ್ನೇ ಹೇಳಿದೆ.

“ಎಲ್ಲಿಗ ವರ್ಗಾ ಆತ್ರಿ ಇದಕ್ಕ?” ಎಂದು ಮಿಸ್ತ್ರಿ ಬ್ಲಾಕಿನ ಕಡೆ, ಅಂದರೆ ಇಂಜಿನ್ನಿನ ಕಬ್ಬಿಣದ ಒಡಲಿನ ಕಡೆ ನೋಡಿದರು.

ಮೂರು ದಿನ ಆ ಶಬ್ದದ ಮೇಲೆಯೇ ಕುಳಿತೆವು. ಕೊನೆಗೆ ಅವರೇ ಫೋಟೋವನ್ನು ಕಣ್ಣಿಗೆ ಹತ್ತಿಸಿಕೊಂಡು ಕಂಡುಹಿಡಿದರು. ವಾಲ್ವಿನಿಂದ ಸಿಲಿಂಡರಿಗೆ ಗಾಳಿ ಹೋಗುವ ದಾರಿಯಲ್ಲಿ ಕಬ್ಬಿಣದ ಒಂದು ಸಣ್ಣ ದಿಣ್ಣೆ ಇರುತ್ತದೆ. ಅದನ್ನು ಅರೆದು ಇಳಿಜಾರು ಮಾಡಿದರೆ ಗಾಳಿ ಸರಾಗವಾಗಿ ನುಗ್ಗುತ್ತದೆ. ಹದಿನಾರು ವಾಲ್ವುಗಳ ಎದುರಿನ ದಿಣ್ಣೆಗಳನ್ನು ಅವರು ತಿಂಗಳುಗಟ್ಟಲೆ ಕೈಯಿಂದ ಅರೆದರು. ನಾನೂ ರವಿವಾರ ಅರೆದಿದ್ದೇನೆ. ಸೋಮವಾರ ನನ್ನ ಉಗುರಿನ ಕಪ್ಪು ನೋಡಿ ಹುಡುಗಿಯರು ಒಬ್ಬರನ್ನೊಬ್ಬರು ಚುಚ್ಚಿ ನಗುತ್ತಿದ್ದರು.

ಹೆಡ್ಡುಗಳ ಬೋಳಿಕೆಗೆ ಸವಣೂರಿನಲ್ಲಿ ಯಂತ್ರವಿರಲಿಲ್ಲ. ಎರಡನ್ನೂ ಹಳೆಯ ಕೌದಿಯಲ್ಲಿ ಸುತ್ತಿ, ಯಲವಿಗಿ ಸ್ಟೇಶನ್ನಿನಿಂದ ರೈಲಿನಲ್ಲಿ ಹುಬ್ಬಳ್ಳಿಗೆ ಒಯ್ದರು. ಎದುರು ಕುಳಿತ ಅಜ್ಜಿಯೊಬ್ಬಳು ಕೌದಿ ನೋಡಿ, ಅವಳಿ ಕೂಸುಗಳೆಂದು ದೃಷ್ಟಿ ತೆಗೆದಳಂತೆ. ಹೊಗೆಯ ಕೊಳವೆಗಳಿಗೆ ನೀರಾವರಿ ಪೈಪು ಬಂತು. ಒಳಗೆ ಮರಳು ತುಂಬಿ, ಕಮ್ಮಾರನ ಕುಲುಮೆಯಲ್ಲಿ ಕೆಂಪಗೆ ಕಾಯಿಸಿ ಬಗ್ಗಿಸಿದರು. ನಡುವಿನ ಎರಡು ಸಿಲಿಂಡರುಗಳಿಗೆ ಹೊಗೆಯ ಬಾಯಿ ಒಂದೇ, ಹೀಗಾಗಿ ಪ್ರತಿ ಬದಿಗೆ ಮೂರರಂತೆ. ಗಾಳಿಗೆ ಪೆಟ್ರೋಲು ಬೆರೆಸುವ ಕಾರ್ಬೊರೇಟರ್ ಒಂದು ಇದ್ದಲ್ಲಿ ಎರಡು ಕೂತವು.

ಹೀಗೆ ಕೆಲಸ ನಡೆದಿದ್ದಾಗ ಒಂದು ಮಧ್ಯಾಹ್ನ ವೈನಿ ಅವರೆಕಾಯಿ ಬಿಡಿಸುತ್ತ ನನ್ನ ಮುಂದೆ ಮನಸ್ಸು ಬಿಚ್ಚಿದರು.

“ಊರಾಗಿನ ಮದುಮಕ್ಕಳೆಲ್ಲ ಆ ಕಾರಿನ್ಯಾಗ ಕುಂತ್ರು. ನಾ ಕುಂತಿದ್ದು ಒಂದಽ ಸಲ ನೋಡ್ರಿ, ದವಾಖಾನಿಗೆ ಹೋಗುಮುಂದ. ಅವತ್ತೂ ಊರ ಅಗಸಿ ಮುಂದ ಕೆಟ್ಟು ನಿಂತ್ಲು ಆಕಿ. ಚಕ್ಕಡ್ಯಾಗ ಹೋದ್ನಿ.” ಅವರು ಕಾರನ್ನು ಸವತಿಯ ಹಾಗೆ ‘ಆಕಿ’ ಎನ್ನುತ್ತಿದ್ದರು. “ನನಗೇನ್ ಮುಂಬೈ ನೋಡಬೇಕಾಗಿಲ್ರಿ. ಹಾನಗಲ್ಲದ ಕೆರಿ ನೋಡಿಲ್ಲ, ನಿಮ್ಮ ಊರು ಹಂಸಭಾವಿ ನೋಡಿಲ್ಲ. ಯಲವಿಗ್ಯಾಗ ರೈಲು ನಿಂತದ್ದ ನೋಡಿಲ್ಲ.”

ಅಂದು ಸಂಜೆ ನಾವು ಕೊನೆಯ ಅರ್ಧ ಪುಟಕ್ಕೆ ಬಂದಿದ್ದೆವು. ಅದರ ಕೊನೆಯ ಸಾಲು, ‘ಹೊಸದಾಗಿ ಕೂಡಿಸಿದ ಇಂಜಿನ್ನನ್ನು ಮೊದಲ ಸಲ ಚಾಲೂ ಮಾಡಿದಾಗ...’ ಎಂದು ಹೇಳಿ ಹರಿದುಹೋಗಿತ್ತು.

“ಚಾಲೂ ಮಾಡಿದಾಗ? ಮುಂದ?” ಎಂದರು ಮಿಸ್ತ್ರಿ.

ನಾನು ಹೊಸ್ತಿಲ ಕಡೆ ನೋಡಿದೆ. ವೈನಿ ಅವರೆಕಾಳಿನ ಬುಟ್ಟಿಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ನನಗೆ ಏನಾಯಿತೋ, ಹರಿದ ಅಂಚಿನ ಕೆಳಗೆ, ಏನೂ ಇಲ್ಲದ ಗಾಳಿಯಲ್ಲಿ ಬೆರಳಾಡಿಸುತ್ತ ಓದತೊಡಗಿದೆ.

“ಚಾಲೂ ಮಾಡಿದಾಗ, ಮೊದಲ ಐನೂರು ಮೈಲಿ ಹಗುರಾಗಿ ಓಡಿಸಬೇಕು. ವಾರಕ್ಕೊಂದು ದಿನ. ಹಿಂದಿನ ಸೀಟಿನ್ಯಾಗ ಎರಡು ಹೆಂಗಸರ ಭಾರ ಇರಬೇಕು.”

“ಹೆಂಗಸರದಽ ಯಾಕ?”

“ಗಂಡಸರು ಕುಂತ್ರ ಜೋರ್ ಹೊಡಿ, ಜೋರ್ ಹೊಡಿ ಅಂತಾರಂತ. ಅದಕ್ಕ.”

ಮಿಸ್ತ್ರಿ ಗಂಭೀರವಾಗಿ ತಲೆಯಾಡಿಸಿದರು. “ಖರೇ ಐತಿ. ಅಮೆರಿಕಾದಾವ್ರು ಎಲ್ಲಾ ವಿಚಾರ ಮಾಡಿರತಾರ.”

“ಹತ್ತು ಹದಿನೈದು ಮೈಲಿಗೊಮ್ಮೆ ನೀರು, ನೆರಳು ಇದ್ದಲ್ಲಿ ನಿಲ್ಲಿಸಿ ಇಂಜಿನ್ ಆರಿಸಬೇಕಂತ,” ಎಂದು ನಾನು ಇನ್ನೊಂದು ಹೆಜ್ಜೆ ಮುಂದೆ ಹೋದೆ. ಹೊಸ್ತಿಲಿನಿಂದ ಕೆಮ್ಮು ಕೇಳಿಸಿತು. ಸಾಕು ಎಂಬ ಅರ್ಥದ ಕೆಮ್ಮು.

ಸುಳ್ಳಿಗೆ ಶಿಕ್ಷೆ ಒಂದೇ ವಾರದಲ್ಲಿ ಬಂತು. ಹೆಡ್ಡಿಗೂ ಬ್ಲಾಕಿಗೂ ನಡುವೆ ಹಾಕುವ ತೆಳು ಹಾಳೆಗೆ ಗ್ಯಾಸ್ಕೆಟ್ ಎನ್ನುತ್ತಾರೆ. ಬೋಳಿಸಿದ ಹೆಡ್ಡಿನ ಒತ್ತಡಕ್ಕೆ ಸಾಮಾನ್ಯ ಗ್ಯಾಸ್ಕೆಟ್ ತಡೆಯುವುದಿಲ್ಲ, ತಾಮ್ರದ್ದೇ ಬೇಕು ಎಂದು ಪತ್ರಿಕೆಯಲ್ಲಿತ್ತು. ಇದು ನಿಜವಾಗಿಯೂ ಇತ್ತು. ಅಷ್ಟು ಅಗಲದ ಒಳ್ಳೆಯ ತಾಮ್ರ ಆ ಮನೆಯಲ್ಲಿ ಇದ್ದದ್ದು ಒಂದೇ ಕಡೆ: ಬಚ್ಚಲಿನ ನೀರೊಲೆಯ ಮೇಲೆ, ವೈನಿಯ ತವರಿನಿಂದ ಬಂದ ಹಂಡೆಯ ರೂಪದಲ್ಲಿ.

ಮಿಸ್ತ್ರಿ ನನ್ನನ್ನು ಬದಿಗೆ ಕರೆದು, “ನಾ ಕೇಳಿದ್ರ ಲಟ್ಟಣಿಗಿ ತಗೋತಾಳ. ನೀವಽ ಓದಿ ಹೇಳ್ರಿ,” ಎಂದರು.

ನಾನು ಓದಿದೆ. ವೈನಿ ಸೊಂಟದ ಮೇಲೆ ಕೈಯಿಟ್ಟು, ಕಣ್ಣು ಸಣ್ಣ ಮಾಡಿ ನಕ್ಕರು.

“ಅಕ್ಕೋರ, ನೀವು ಹೆಂಗ ಓದತೀರಿ ಅಂತ ನನಗ ಗೊತ್ತಿಲ್ಲೇನು? ಅವರ ಕಡೆಯಿಂದ ಏನ್ ಲಂಚಾ ಬಂತು?”

“ಇಲ್ರೀ ವೈನಿ, ಇದು ಖರೇನ ಬರದೈತಿ!”

“ಹೌದ್ ಹೌದು. ಹೆಂಗಸರ ಭಾರನೂ ಖರೇನ ಬರದಿತ್ತು.”

ಈ ಮಾತುಕತೆಯೆಲ್ಲ ಪಿಸುಮಾತಿನಲ್ಲಿ, ಅಂಗಳದಲ್ಲಿ ಮಿಸ್ತ್ರಿ ಕಿವಿ ನಿಮಿರಿಸಿ ನಿಂತಿದ್ದಾಗ ನಡೆಯುತ್ತಿತ್ತು. ನಾನು ಅಕ್ಷರ ತೋರಿಸಿದೆ, ವೈನಿ ನಂಬಲಿಲ್ಲ. ದೇವರಾಣೆ ಹಾಕಿದೆ, ದೇವರಿಗೆ ಇಂಗ್ಲಿಷ್ ಬರುವುದಿಲ್ಲ ಎಂದರು. ಕೊನೆಗೆ, “ನಿಮ್ಮ ಬಿ.ಎ. ಸರ್ಟಿಫಿಕೇಟ್ ಮುಟ್ಟಿ ಹೇಳ್ರಿ,” ಎಂದರು. ನಾನು ಟ್ರಂಕಿನಿಂದ ಸರ್ಟಿಫಿಕೇಟ್ ತೆಗೆದು, ವಿಶ್ವವಿದ್ಯಾಲಯದ ಮುದ್ರೆಯ ಮೇಲೆ ಅಂಗೈ ಇಟ್ಟು, ತಾಮ್ರವೆಂದರೆ ತಾಮ್ರವೇ ಎಂದು ಪ್ರಮಾಣ ಮಾಡಿದೆ.  ವೈನಿ ಬಚ್ಚಲಿಗೆ ಹೋಗಿ, ಹಂಡೆಯನ್ನು ಹುಣಸೆಹಣ್ಣು ಹಚ್ಚಿ ಕೊನೆಯ ಸಲ ಬೆಳಗಿ, ತಾವೇ ಎತ್ತಿ ತಂದು ಗಂಡನ ಮುಂದೆ ಕುಕ್ಕಿದರು.

“ತಗೋರಿ. ಆದ್ರ ಐನೂರು ಮೈಲಿಯೊಳಗ ಒಂದ್ ಮೈಲಿ ಕಡಿಮಿ ಆದ್ರ ನೋಡ್ರಿ.”

ಮಿಸ್ತ್ರಿ ಹಂಡೆ ಕತ್ತರಿಸುವಾಗ ವೈನಿ ಮನೆಯಲ್ಲಿರಲಿಲ್ಲ. ಪಕ್ಕದ ಮನೆಗೆ ಹೋಗಿ ಕುಳಿತಿದ್ದರು. ಅದು ಮಾತ್ರ ನನಗೆ ಕೆಟ್ಟದೆನಿಸಿತು.

ದೀಪಾವಳಿಯ ಹೊತ್ತಿಗೆ ಇಂಜಿನ್ನು ಕಾರಿನೊಳಗೆ ಕೂತಿತು. ಮೊದಲ ಸಲ ಚಾಲೂ ಆದಾಗ ಎದುರು ಮನೆಯ ಮಾಡದಿಂದ ನಾಲ್ಕು ಪಾರಿವಾಳ ಹಾರಿದವು, ಒಂದು ಆಕಳು ಹಗ್ಗ ಹರಿದುಕೊಂಡಿತು. ಹಳೆಯ ಕೆಮ್ಮು ಎಲ್ಲಿ ಹೋಯಿತೋ. ಗುಡುಗನ್ನು ಕೊಡಪಾನದಲ್ಲಿ ತುಂಬಿ ಮುಚ್ಚಿಟ್ಟ ಹಾಗೆ ಒಂದು ಸದ್ದು, ಎದೆಯ ಗೂಡಿನಲ್ಲೇ ಕೇಳಿಸುತ್ತಿತ್ತು. ಮಿಸ್ತ್ರಿ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದರು. ವೈನಿ ಆರತಿ ತಂದರು, ಆದರೆ ಸವತಿಗೆ ಎತ್ತುವ ಆರತಿಯ ಹಾಗೆ ಸ್ವಲ್ಪ ದೂರದಿಂದಲೇ ಎತ್ತಿದರು.

ಅಲ್ಲಿಂದ ನಮ್ಮ ರವಿವಾರಗಳು ಶುರುವಾದವು. ವೈನಿ ಇಳಕಲ್ಲ ಸೀರೆಯುಟ್ಟು ಹಿಂದಿನ ಸೀಟಿನ ಎಡಗಡೆ, ನಾನು ಬಲಗಡೆ, ನಡುವೆ ಬುತ್ತಿಯ ಗಂಟು. ಜೋಳದ ಕಟಿರೊಟ್ಟಿ, ಶೇಂಗಾ ಚಟ್ನಿ, ಮಡಿಕೆಕಾಳು ಪಲ್ಯ, ಮೊಸರಿನ ಗಡಿಗೆ. ಹಾನಗಲ್ಲಿನ ಕೆರೆಯ ದಂಡೆಯಲ್ಲಿ ಇಂಜಿನ್ನು ಆರಿಸಿದೆವು. ಹಾನಗಲ್ಲಿನ ಗುಡಿಯ ಚಾವಣಿಯಲ್ಲಿ ಕೆತ್ತಿದ ಕಲ್ಲಿನ ತಾವರೆಯ ಕೆಳಗೆ ವೈನಿ ಅಂಗಾತ ಮಲಗಿ ನೋಡಿದರು, ಪೂಜಾರಿ ಬೈದರೂ ಏಳಲಿಲ್ಲ. ಯಲವಿಗಿಯಲ್ಲಿ ರೈಲು ನಿಂತದ್ದನ್ನೂ ಹೊರಟದ್ದನ್ನೂ ನೋಡಿದೆವು. ಗೊಟಗೋಡಿಯ ಹತ್ತಿರ ಬಂಡೆಗಲ್ಲಿನ ಮೇಲೆ ರೊಟ್ಟಿ ತಿಂದೆವು. ಹಂಸಭಾವಿಗೆ ಹೋದಾಗ ನಮ್ಮವ್ವ ಕಾರಿನ ಸದ್ದು ಕೇಳಿ, ಗಿರಣಿ ಒಡೆಯಿತೆಂದು ಹೊರಗೆ ಓಡಿ ಬಂದಳು. ಮಿಸ್ತ್ರಿ ಎಲ್ಲೂ ಇಪ್ಪತ್ತೈದು ಮೈಲಿಗಿಂತ ಜೋರು ಓಡಿಸಲಿಲ್ಲ. ಸೈಕಲ್ಲಿನವರು ನಮ್ಮನ್ನು ದಾಟಿ, ತಿರುಗಿ ನೋಡಿ ಹೋಗುತ್ತಿದ್ದರು.

ಕಾರಿನ ಮೈಲಿ ಎಣಿಸುವ ಗಡಿಯಾರ ಯಾವಾಗಲೋ ಸತ್ತಿತ್ತು. ಲೆಕ್ಕ ಇಡುವ ಕೆಲಸ ವೈನಿಯದು. ಅಡುಗೆಮನೆಯ ಗೋಡೆಯ ಮೇಲೆ ಹತ್ತು ಮೈಲಿಗೊಂದು ಸುಣ್ಣದ ಗೆರೆ. ಸಂಕ್ರಾಂತಿ ಬಂದರೂ ಐನೂರು ಮುಗಿಯಲಿಲ್ಲ. ಒಂದು ಬುಧವಾರ ಜ್ವರ ಬಂದು ಶಾಲೆಗೆ ಹೋಗದೆ ಮಲಗಿದ್ದೆ. ನೀರು ಕುಡಿಯಲು ಎದ್ದು ಹೋದರೆ ವೈನಿ ಸೆರಗಿನ ತುದಿಯನ್ನು ಒದ್ದೆ ಮಾಡಿಕೊಂಡು ನಾಲ್ಕು ಗೆರೆ ಅಳಿಸುತ್ತಿದ್ದರು. ನನ್ನನ್ನು ನೋಡಿ, “ಗ್ವಾಡಿ ಹೊಲಸಾಗೇತ್ರಿ,” ಎಂದರು.

ಅದೇ ತಿಂಗಳು ಒಂಬತ್ತನೆಯ ತರಗತಿಯಲ್ಲಿ ನೋಟುಬುಕ್ಕು ತಿದ್ದುತ್ತಿದ್ದಾಗ ಒಂದರ ರಟ್ಟಿನ ಮೇಲೆ ನುಣುಪು ಕಾಗದದ ಹೊದಿಕೆ ಕಂಡಿತು.  ಹರಿದುಹೋಗಿದ್ದ ಕೆಳಗಿನ ಅರ್ಧ! ಆ ಹುಡುಗಿಗೆ ಹೊಸ ಕಂದು ಕಾಗದ ಕೊಟ್ಟು ಅದನ್ನು ಬಿಡಿಸಿಕೊಂಡೆ. ಚಾಲೂ ಮಾಡಿದ ಮೇಲೆ ಅರ್ಧ ಗಂಟೆ ನಿಂತಲ್ಲೇ ಓಡಿಸಿ, ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿದು, ಆಮೇಲೆ ನಿಮ್ಮ ಧೈರ್ಯವಿದ್ದಷ್ಟು ಓಡಿಸಿರಿ ಎಂದಷ್ಟೇ ಬರೆದಿತ್ತು. ನಾನು ಅದನ್ನು ಮಡಚಿ ಟ್ರಂಕಿನಲ್ಲಿ, ಬಿ.ಎ. ಸರ್ಟಿಫಿಕೇಟಿನ ಕೆಳಗೆ ಇಟ್ಟೆ.

ಆ ಮುಂದಿನ ರವಿವಾರ ಹಾನಗಲ್ಲಿನಿಂದ ಬಂಕಾಪುರದ ಕಡೆಗೆ ತಿರುಗಿ ಬರುತ್ತಿದ್ದೆವು. ಒಂದು ಅಡ್ಡದಾರಿಯಿಂದ ಇನಾಮದಾರರ ಜೀಪು ನುಗ್ಗಿ ನಮ್ಮ ಮುಂದೆ ಸೇರಿಕೊಂಡಿತು. ಆಗ ಆ ರಸ್ತೆಯಲ್ಲಿ ಡಾಂಬರಿಗಿಂತ ಮಣ್ಣು ಹೆಚ್ಚು. ಕೆಂಪು ಧೂಳು ಮೋಡದಂತೆ ಎದ್ದು ನಮ್ಮ ಕಿಟಕಿಗಳಿಂದ ಒಳಬಂತು. ಇನಾಮದಾರರು ಕನ್ನಡಿಯಲ್ಲಿ ನಮ್ಮನ್ನು ನೋಡಿದರು. ನೋಡಿದವರೇ ಜೀಪನ್ನು ರಸ್ತೆಯ ನಟ್ಟನಡುವೆ ತಂದು, ವೇಗವನ್ನು ಇನ್ನಷ್ಟು ಕಡಿಮೆ ಮಾಡಿದರು. ಮೂರು ಮೈಲಿ ಹೀಗೇ. ವೈನಿಯ ಇಳಕಲ್ಲ ಸೀರೆಯ ಬಣ್ಣ ಕಾಣದಾಯಿತು. ಮೊಸರಿನ ಗಡಿಗೆಯ ಮೇಲೆ ಧೂಳಿನ ಕೆನೆ ಕಟ್ಟಿತು.

“ಹೊಡೀರಿ ಅತ್ಲಾಗ! ದಾಟ್ರಿ!” ಎಂದರು ವೈನಿ.

“ಐನೂರು ಮೈಲಿ ಆಗಿಲ್ಲ,” ಎಂದರು ಮಿಸ್ತ್ರಿ, ಹಿಂದೆ ತಿರುಗದೆ. “ಪುಸ್ತಕದಾಗ ಬ್ಯಾಡ ಅಂತ ಬರದೈತಿ.”

ಮುಂದಿನ ಜೀಪಿನಿಂದ ಹಾರ್ನು ಕೇಳಿಸಿತು, ಎತ್ತಿನ ಕೊರಳಗಂಟೆಯ ತಾಳದಲ್ಲಿ, ಬೇಕಂತಲೇ. ಮಿಸ್ತ್ರಿಯ ಕತ್ತಿನ ನರ ಉಬ್ಬಿದ್ದು ನನಗೆ ಕಂಡಿತು. ಆದರೂ ಕಾಲು ಒತ್ತಲಿಲ್ಲ.

ವೈನಿ ನನ್ನನ್ನು ನೋಡಿದರು. ನಾನು ವೈನಿಯನ್ನು ನೋಡಿದೆ.

“ಆಗೇತ್ರಿ!” ಎಂದು ವೈನಿ ಕೂಗಿದರು. “ಎಂದೋ ಆಗೇತಿ! ನಾನಽ ಗೆರಿ ಅಳಿಸೀನಿ! ಏಳ್ನೂರರ ಮ್ಯಾಲ ಆಗಿರಬೇಕು!”

ಮಿಸ್ತ್ರಿ ಅದೇ ವೇಗದಲ್ಲಿ ನಡೆಸಿದರು.

“ಮತ್ತ ಪುಸ್ತಕದಾಗ ಹಂಗ ಇಲ್ರೀ ಮಿಸ್ತ್ರಿ,” ಎಂದೆ ನಾನು.

“ಏನಿಲ್ಲ?”

“ಐನೂರು ಮೈಲಿ ಇಲ್ಲ. ಹೆಂಗಸರ ಭಾರ ಇಲ್ಲ. ನೆರಳೂ ಇಲ್ಲ.”

ಕನ್ನಡಿಯಲ್ಲಿ ಅವರ ಕಣ್ಣು ಮಾತ್ರ ಕಾಣುತ್ತಿತ್ತು. ಆ ಕಣ್ಣು ಮೊದಲು ನನ್ನನ್ನು, ಆಮೇಲೆ ಹೆಂಡತಿಯನ್ನು ನೋಡಿತು.

“ಇಬ್ರೂ ಗಟ್ಟಿ ಹಿಡ್ಕೋರಿ,” ಎಂದರು.

ಆಮೇಲೆ ಆದದ್ದು ನನಗೆ ಸರಿಯಾಗಿ ನೆನಪಿರುವುದು ಸದ್ದಿನ ರೂಪದಲ್ಲಿ. ಕೊಡಪಾನದ ಮುಚ್ಚಳ ಹಾರಿತು. ಎರಡನೆಯ ಕಾರ್ಬೊರೇಟರ್ ಬಾಯಿ ತೆರೆಯಿತು, ಬೆನ್ನು ಸೀಟಿಗೆ ಅಂಟಿತು, ಬುತ್ತಿಯ ಗಂಟು ನನ್ನ ಹೊಟ್ಟೆಗೆ ಬಡಿಯಿತು. ಕಾರು ಬಲಗಡೆಯ ಮಣ್ಣಿಗಿಳಿದು, ಜೀಪಿನ ಪಕ್ಕಕ್ಕೆ ಬಂದು, ಒಂದು ಕ್ಷಣ ಎರಡೂ ಸರಿಸಮ ಓಡಿದವು. ಇನಾಮದಾರರ ಬಿಳೀ ಮೀಸೆಯ ಕೆಳಗೆ ಬಾಯಿ ತೆರೆದಿತ್ತು. ವೈನಿ ಕಿಟಕಿಯಿಂದ ತಲೆ ಹೊರಹಾಕಿ, “ಎತ್ತು ಬೇಕಾದ್ರ ಹೇಳ್ರೀ!” ಎಂದು ಕೂಗಿದರು. ಅಷ್ಟರಲ್ಲಿ ಜೀಪು ಹಿಂದೆ ಬಿತ್ತು, ನಮ್ಮ ಧೂಳಿನಲ್ಲಿ ಮಾಯವಾಯಿತು.

ಇಂಜಿನ್ನಿನ ಬಗ್ಗೆ ಅಷ್ಟೆಲ್ಲ ಬರೆದ ಅಮೆರಿಕದವರು ಬ್ರೇಕಿನ ಬಗ್ಗೆಯೂ ಎಲ್ಲೋ ಬರೆದಿರಬೇಕು. ಆ ಪುಟ ನಮಗೆ ಸಿಕ್ಕಿರಲಿಲ್ಲ. ತಿರುವಿನಾಚೆ ರೈತರು ಒಕ್ಕಲು ಮಾಡಲು ರಸ್ತೆಯ ಮೇಲೆ ಹುರುಳಿ ಹಾಸಿದ್ದರು. ಗಾಡಿಗಳು ಅದರ ಮೇಲೆ ಹೋದರೆ ಕಾಳು ಬಿಡುತ್ತದೆ ಎಂಬುದು ನಮ್ಮ ಕಡೆಯ ಪದ್ಧತಿ. ಮಿಸ್ತ್ರಿ ಬ್ರೇಕಿನ ಮೇಲೆ ನಿಂತೇಬಿಟ್ಟರು. ಕಾರು ಹುರುಳಿಯ ಮೇಲೆ ಜಾರುತ್ತ, ಅಡ್ಡವಾಗುತ್ತ, ಹಾಸಿದ್ದರಲ್ಲಿ ಅರ್ಧದಷ್ಟನ್ನು ಹೊಟ್ಟೆಗೆ ಸುತ್ತಿಕೊಂಡು, ಒಂದು ಜಾಲಿಮರದ ಮುಂದೆ ನಿಂತಿತು. ಕಾದ ಕೊಳವೆಗಳಿಗೆ ಒಣ ಹೊಟ್ಟು ತಾಗಿ ಹೊಗೆ ಏಳತೊಡಗಿತು. ಹುರುಳಿಯ ಒಡತಿ ಕುಡಗೋಲು ಹಿಡಿದು ಓಡಿ ಬಂದಳು.

ವೈನಿ ಇಳಿದು, ಹಿಂದುಮುಂದು ನೋಡದೆ, ಮೊಸರಿನ ಗಡಿಗೆಯನ್ನು ಕೊಳವೆಗಳ ಮೇಲೆ ಸುರಿದರು. ಚುಂಯ್ ಎಂದಿತು. ಮಜ್ಜಿಗೆಗೆ ಒಗ್ಗರಣೆ ಕೊಟ್ಟ ವಾಸನೆ ಬಂತು. ಒಡತಿ ಕುಡಗೋಲು ಕೆಳಗಿಟ್ಟು ಮಣ್ಣು ತೂರಿದಳು. ಹೊಗೆ ಆರುವ ಹೊತ್ತಿಗೆ ಜೀಪು ಬಂದು ನಿಂತಿತು.

ಇನಾಮದಾರರು ಮೀಸೆಯವರೆಗೂ ಕೆಂಪಾಗಿದ್ದರು, ಧೂಳಿನಿಂದ. ಈಗ ಬೈಗುಳ ಬರುತ್ತದೆ ಎಂದು ನಾನು ವೈನಿಯ ಹಿಂದೆ ಸರಿದೆ. ಅವರು ಬೈಯಲಿಲ್ಲ. ಬಾನೆಟ್ಟು ಎತ್ತಿಸಿ, ತುಂಬಾ ಹೊತ್ತು ಬಗ್ಗಿ ನೋಡಿದರು.

“ಎರಡು ಕಾರ್ಬೊರೇಟರ್?”

“ಹೌದ್ರಿ.”

“ಎಲ್ಲಿ ಕಲ್ತಿ ಇದನ್ನ?”

“ಪುಸ್ತಕದಾಗ ಬರದೈತ್ರಿ. ಅಕ್ಕೋರು ಓದಿ ಹೇಳ್ಯಾರ.”

ಇನಾಮದಾರರು ನನ್ನ ಕಡೆ ಗೌರವದಿಂದ ನೋಡಿದರು. ಆಮೇಲೆ ಧೋತರದ ಚುಂಗಿನಿಂದ ಮುಖ ಒರೆಸಿಕೊಂಡು, ತಗ್ಗಿದ ದನಿಯಲ್ಲಿ, “ನಂದಕ್ಕೂ ಹಿಂಗ ಮಾಡಾಕ ಬರತೈತೇನು?” ಎಂದರು.

“ಬರತೈತ್ರಿ,” ಎಂದರು ಮಿಸ್ತ್ರಿ. “ಆದ್ರ ಒಂದ್ ಕರಾರು ಐತ್ರಿ. ಮೊದಲ ಐನೂರು ಮೈಲಿ ಹಿಂದ ಇಬ್ರು ಹೆಂಗಸರನ್ನ ಕುಂದ್ರಿಸಿಕೊಂಡು ಹಗುರ ಓಡಸಬೇಕಾಕ್ಕೈತಿ. ನೆರಳಿದ್ದಲ್ಲಿ ನಿಲ್ಲಸ್ಕೋತ.”

“ಹೆಂಗಸರದಽ ಯಾಕ?”

“ಅಕ್ಕೋರನ್ನ ಕೇಳ್ರಿ.”

ನನಗೆ ಇನ್ನೇನು ಉಳಿದಿತ್ತು? ಹೇಳಿದೆ. ಇನಾಮದಾರರು ಗಂಭೀರವಾಗಿ ತಲೆಯಾಡಿಸಿದರು.

ಬೇಸಿಗೆಯಲ್ಲಿ ಆ ಜೀಪಿನ ಹೆಡ್ಡು ಬೋಳಾಯಿತು. ಮಳೆಗಾಲಕ್ಕೆ ಮೊದಲು ಇನಾಮದಾರರ ತಾಯಿ ಮತ್ತು ಹೆಂಡತಿ, ಅಲ್ಲಿಯವರೆಗೆ ವಾಡೆಯ ಬಾಗಿಲು ದಾಟದಿದ್ದವರು, ರವಿವಾರ ರವಿವಾರ ಹಿರೇಕೆರೂರಿನಿಂದ ಹಾನಗಲ್ಲಿನವರೆಗೆ ಬುತ್ತಿ ಕಟ್ಟಿಕೊಂಡು ಓಡಾಡಿದ್ದನ್ನು ಎಷ್ಟೋ ಜನ ನೋಡಿದರು. ಅದನ್ನು ನೋಡಿ ಲಾರಿಯವರು, ಟ್ಯಾಕ್ಸಿಯವರು ಮಿಸ್ತ್ರಿಯ ಅಂಗಳಕ್ಕೆ ಬಂದರು. ಇಂಜಿನ್ನು ಯಾವುದೇ ಇರಲಿ, ಹೆಂಗಸರ ಭಾರದ ನಿಯಮ ಬದಲಾಗಲಿಲ್ಲ. ಇನ್ನೊಬ್ಬ ಮಿಸ್ತ್ರಿ, ಶಿಗ್ಗಾಂವಿಯವನು, ತನ್ನ ಗಿರಾಕಿಗೆ ಇದನ್ನೇ ಹೇಳುತ್ತಿದ್ದುದನ್ನು ಬಸ್ ಸ್ಟ್ಯಾಂಡಿನಲ್ಲಿ ನಾನೇ ಕೇಳಿದ್ದೇನೆ. ಅವನು ಅದಕ್ಕೊಂದು ಕಾರಣವನ್ನೂ ಕಂಡುಕೊಂಡಿದ್ದ: ಹೆಂಗಸರು ಅಲುಗಾಡದೆ ಕೂಡುತ್ತಾರೆ, ಸ್ಪ್ರಿಂಗಿಗೆ ಒಳ್ಳೆಯದು.

ಒಮ್ಮೆ ಮಿಸ್ತ್ರಿಯನ್ನು ಕೇಳಿದೆ, ನಮ್ಮ ಸುಳ್ಳು ನಿಮಗೆ ಮೊದಲೇ ಗೊತ್ತಿತ್ತೇ ಎಂದು. ಸ್ಪ್ಯಾನರು ತಿರುಗಿಸುತ್ತಲೇ, “ಸವಣೂರಿಂದ ಹಾನಗಲ್ಲಿಗೆ ಎಷ್ಟು ಮೈಲಿ ಅಂತ ನನಗ ಗೊತ್ತಿಲ್ಲೇನ್ರೀ ಅಕ್ಕೋರ?” ಎಂದರು.  ಆ ವರ್ಷ ಬಚ್ಚಲಿಗೆ ಹೊಸ ತಾಮ್ರದ ಹಂಡೆ ಬಂತು. ಹಳೆಯದರಷ್ಟು ದಪ್ಪ ಇಲ್ಲ ಎಂದು ವೈನಿ ಅದನ್ನು ಬಡಿದು ಬಡಿದು ತೋರಿಸುತ್ತಿದ್ದರು.

ದೊಡ್ಡ ಕಾರು ಎರಡು ವರ್ಷ ಹಾಗೆ ಗುಡುಗಿತು. ಮೊದಲಿನಿಂದಲೂ ಅದಕ್ಕೆ ಕಾವು ಹೆಚ್ಚು. ಬೋಳಿಸಿದ ಮೇಲೆ ಇನ್ನೂ ಹೆಚ್ಚಾಗಿತ್ತು. ಒಂದು ಏಪ್ರಿಲ್ ಮಧ್ಯಾಹ್ನ ಶಿಗ್ಗಾಂವಿಯ ಆಚೆ ಬ್ಲಾಕು ಸೀಳಿತು. ಅದಕ್ಕೆ ಔಷಧವಿಲ್ಲ. ಮಿಸ್ತ್ರಿ ಅದನ್ನು ಚಕ್ಕಡಿಯಲ್ಲಿ ಎಳೆಸಿಕೊಂಡು ಬಂದಾಗ ಮೊದಲು ಅತ್ತದ್ದು ವೈನಿ. “ಎಷ್ಟೇ ಅಂದ್ರೂ ನಮ್ಮನ್ನ ತಿರುಗಾಡಿಸಿದಾಕಿ,” ಎಂದು ಕಣ್ಣೊರೆಸಿಕೊಂಡರು. ಆಮೇಲೆ ಕಾಲ ಡೀಸೆಲ್ಲಿನದಾಯಿತು. ಮಿಸ್ತ್ರಿ ಹಳೆಯ ಕಾರುಗಳಿಗೆ ಡೀಸೆಲ್ ಇಂಜಿನ್ ಕೂಡಿಸುವುದರಲ್ಲಿ ಹೆಸರಾದರು.

ಎಂಬತ್ತರ ಮೊದಲಲ್ಲಿ ನನ್ನ ಮದುವೆ ಹಿರೇಕೆರೂರಿನ ಒಂದು ವ್ಯಾಪಾರಸ್ಥರ ಮನೆತನಕ್ಕೆ ಆಯಿತು. ಮಿಸ್ತ್ರಿ ಮತ್ತು ವೈನಿ ಬಂದು, ಕೆಂಪು ಬಟ್ಟೆಯಲ್ಲಿ ಕಟ್ಟಿದ ಭಾರವಾದ ಉಡುಗೊರೆ ಕೊಟ್ಟುಹೋದರು. ಅದು ಆ ಇಂಜಿನ್ನಿನ ಒಂದು ಪಿಸ್ಟನ್ನು, ಲೋಟದಂತೆ ಒಳಗೆ ಟೊಳ್ಳು, ಬೆಳ್ಳಿಯ ಹಾಗೆ ಬೆಳಗಿದ್ದು. ಮದುವೆಯ ಗಡಿಬಿಡಿಯಲ್ಲಿ ಅದು ಪಾತ್ರೆಗಳ ಜೊತೆ ಅಡುಗೆಮನೆಗೆ ಹೋಯಿತು. ಮೂರನೆಯ ದಿನ ಬೆಳಿಗ್ಗೆ ನಮ್ಮತ್ತೆ ಅದನ್ನು ಬೋರಲು ಹಿಡಿದು ಅಕ್ಕಿ ಅಳೆಯುತ್ತಿದ್ದರು. ಪಿಸ್ಟನ್ನಿನ ಎರಡು ಬದಿಗೂ ಪಿನ್ನು ಹಾಯುವ ತೂತು ಇರುತ್ತದೆ. ತುಂಬಿದಷ್ಟೂ ಅಕ್ಕಿ ಎರಡೂ ಕಡೆಯಿಂದ ನೆಲಕ್ಕೆ ಸುರಿಯುತ್ತಿತ್ತು.

“ಎಂಥಾ ಮಂದಿ ಅದಾರ ನಿಮ್ಮ ಸವಣೂರಾಗ,” ಎಂದರು ಅತ್ತೆ. “ಪಾವು ಕೊಡೋದು ಕೊಟ್ಟಾರ, ತೂತಿಂದು ಕೊಟ್ಟಾರ.”

ಹೊಸ ಸೊಸೆ ನಾನು. ತಲೆ ತಗ್ಗಿಸಿ, ಹೌದ್ರಿ ಎಂದೆ.